ಗುಡ್ಡದ ಮರೆಯ ಫೋನಿಗೆ ಪಾಲೆಷ್ಟು? ವೈರ್‌ಲೆಸ್ ಹಂಚಿಕೆಯ ವಿಧಾನಗಳು: ಒಂದು ಸಮೀಕ್ಷೆ

ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಯನ್ನು ತಡೆದು ಕಟ್ಟಿದ ಮಾರಿಕಣಿವೆ ಅಣೆಕಟ್ಟೆ ಇದೆ. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರಾಯಿತು. ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ಹರಡಿದೆ. ಗುಡ್ಡಸಾಲು ಉತ್ತರಕ್ಕೆ ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಸಾಗುತ್ತದೆ. ಸಾಲಿನ ಪೂರ್ವಕ್ಕೆ ಬೆಂಗಳೂರು–ಪುಣೆ ಹೆದ್ದಾರಿ. ಪಶ್ಚಿಮಕ್ಕೆ ಹೊಸದುರ್ಗ, ಹೊಳಲ್ಕೆರೆಗಳ ತೋಟ ಹೊಲಗಳ ನಡುವೆ ಚದುರಿದ ಹಳ್ಳಿಗಳು. ಅಣೆಕಟ್ಟೆಗೆ ಅನುಕೂಲವಾದ ಈ ನೆಲದ ಏರಿಳಿತವೇ ರೇಡಿಯೋ ತರಂಗಕ್ಕೆ ತೊಡಕು. ಹೆದ್ದಾರಿ ಬದಿಯ ಟವರ್‌ಗೆ ರಸ್ತೆಯ ಮೇಲಿನ ಫೋನುಗಳೆಲ್ಲ ಜೋರಾಗಿ ಕೇಳಿಸುತ್ತವೆ, ಗುಡ್ಡದ ಮರೆಯ ಊರಿನ ಫೋನು ಕ್ಷೀಣವಾಗಿ ಕೇಳಿಸುತ್ತದೆ. ಎಲ್ಲರೂ ಬಳಸಬೇಕಾದ್ದು ಒಂದೇ ತರಂಗಾಂತರ. ಅದನ್ನು ಹಂಚುವುದು ಹೇಗೆ?

ಎಂಜಿನಿಯರುಗಳು ಮಲ್ಟಿಪಲ್ ಆಕ್ಸೆಸ್ ಎಂದು ಕರೆಯುವುದು ಈ ಪ್ರಶ್ನೆಯನ್ನೇ. ಅರ್ಧ ಶತಮಾನದಿಂದ ಇದರ ಸುತ್ತ ನಡೆದ ಚರ್ಚೆಯ ಬಹುಪಾಲು ಒಂದೇ ಅಳತೆಯನ್ನು ಹಿಡಿದು ನಡೆದಿದೆ: ಇಷ್ಟು ತರಂಗಾಂತರದಲ್ಲಿ ಒಟ್ಟು ಎಷ್ಟು ಕರೆ, ಎಷ್ಟು ಡೇಟಾ ಹಿಡಿಸಬಹುದು? ಕಿಕ್ಕಿರಿದ ನಗರಕ್ಕೆ ಅದು ಸರಿಯಾದ ಅಳತೆ. ಆದರೆ ಮಾರಿಕಣಿವೆಯ ಸುತ್ತಲಿನಂಥ ತಾಲ್ಲೂಕುಗಳಲ್ಲಿ ಕೊರತೆ ಇರುವುದು ಒಟ್ಟು ಮೊತ್ತದಲ್ಲಲ್ಲ, ತಲುಪುವುದರಲ್ಲಿ. ಅತಿ ಕೆಟ್ಟ ಜಾಗದಲ್ಲಿರುವ ಫೋನಿಗೆ ಎಷ್ಟು ಪಾಲು ದಕ್ಕುತ್ತದೆ ಎಂಬುದನ್ನು ಅಳತೆಯಾಗಿ ಇಟ್ಟುಕೊಂಡರೆ ಪ್ರತಿಯೊಂದು ವಿಧಾನದ ಬಲಾಬಲ ಬೇರೆಯಾಗಿ ಕಾಣುತ್ತದೆ. ಪಠ್ಯಪುಸ್ತಕಗಳಲ್ಲಿ ಸೋತಂತೆ ಕಾಣುವ ಕೆಲವು ವಾದಗಳಿಗೆ ಜೀವವೂ ಬರುತ್ತದೆ.

ಪಾಲು, ಸರದಿ ಮತ್ತು ಬೆರಕೆ

ಅಣೆಕಟ್ಟೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಕಾಲುವೆ ನೀರನ್ನು ಎರಡು ಬಗೆಯಲ್ಲಿ ಹಂಚಬಹುದು. ಪ್ರತಿ ಹೊಲಕ್ಕೂ ಬೇರೆ ತೂಬು ಇಟ್ಟು ಸದಾ ಸಣ್ಣ ಧಾರೆ ಬಿಡಬಹುದು, ಇಲ್ಲವೇ ಇಡೀ ಕಾಲುವೆಯನ್ನು ಸರದಿಯಂತೆ ಒಬ್ಬೊಬ್ಬರಿಗೆ ತಿರುಗಿಸಬಹುದು. ಮೊದಲನೆಯದು ಎಫ್‌ಡಿಎಂಎ: ಪ್ರತಿ ಕರೆಗೂ ಬೇರೆ ಕಂಪನಾಂಕದ ಪಟ್ಟಿ. ಎರಡನೆಯದು ಟಿಡಿಎಂಎ: ಪಟ್ಟಿ ಒಂದೇ, ಕ್ಷಣಗಳು ಬೇರೆ. ಎರಡರಲ್ಲೂ ಕಾಲುವೆಯ ಕೊನೇ ಭಾಗದ ರೈತನಿಗೆ ಏನು ಸಿಗುತ್ತದೆ ಎಂಬುದೇ ತಕರಾರಿನ ಮೂಲ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಒಮ್ಮೆ ಬೆರೆತ ನೀರನ್ನು ಇದು ನಿನ್ನದು, ಇದು ನನ್ನದು ಎಂದು ಬೇರ್ಪಡಿಸಲಾಗದು; ಬೆರೆತ ರೇಡಿಯೋ ಸಂಕೇತಗಳನ್ನು ಗಣಿತದಿಂದ ಬೇರ್ಪಡಿಸಬಹುದು. ಎಲ್ಲರೂ ಒಂದೇ ಪಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ ಮಾತಾಡಲಿ, ಬಿಡಿಸುವ ಕೆಲಸ ಗ್ರಾಹಕಯಂತ್ರಕ್ಕೆ ಇರಲಿ ಎಂಬ ಮೂರನೆಯ ದಾರಿ ತೆರೆದದ್ದು ಹಾಗೆ. ಸಿಡಿಎಂಎ ಆ ದಾರಿಯ ಮೊದಲ ದೊಡ್ಡ ಪ್ರಯೋಗ.

ಎಫ್‌ಡಿಎಂಎ ಎಲ್ಲಕ್ಕಿಂತ ಹಳೆಯದು. ಚಿತ್ರದುರ್ಗದ ಆಕಾಶವಾಣಿ ಮತ್ತು ಬೆಂಗಳೂರಿನ ಆಕಾಶವಾಣಿ ಒಂದಕ್ಕೊಂದು ಅಡ್ಡ ಬರದೆ ಕೇಳುವುದು ಇದೇ ತತ್ವದಿಂದ. 1983ರಲ್ಲಿ ಶಿಕಾಗೊದಲ್ಲಿ ಶುರುವಾದ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲಾರ್ ಜಾಲ ಪ್ರತಿ ಕರೆಗೆ 30 ಕಿಲೋಹರ್ಟ್ಸ್ ಅಗಲದ ಪಟ್ಟಿ ಕೊಡುತ್ತಿತ್ತು. ಅಕ್ಕಪಕ್ಕದ ಸೆಲ್‌ಗಳು ಒಂದೇ ಪಟ್ಟಿಯನ್ನು ಬಳಸುವಂತಿರಲಿಲ್ಲ. ಸಾಮಾನ್ಯವಾಗಿ ಏಳು ಸೆಲ್‌ಗಳ ಗುಂಪಿಗೆ ತರಂಗಾಂತರವನ್ನು ಹರಿದು ಹಂಚಬೇಕಾಗುತ್ತಿತ್ತು. ಸರಳತೆ ಇದರ ಗುಣ. ಹಂಚಿಕೊಟ್ಟ ಪಟ್ಟಿಯಲ್ಲಿ ಯಾರೂ ಮಾತಾಡದಿದ್ದಾಗಲೂ ಅದು ಖಾಲಿಯಾಗಿಯೇ ಉಳಿಯುವುದು ಇದರ ದೋಷ.

ಎರಡು ಚಾನೆಲ್, ಹದಿನೈದು ಹಳ್ಳಿ

ಕರ್ನಾಟಕದ ಹಳ್ಳಿಗಳಿಗೆ ಈ ಪ್ರಶ್ನೆ ಬಂದದ್ದು ಮೊಬೈಲಿನ ಮೂಲಕವಲ್ಲ. 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಶುರುವಾದಾಗ, ಸೆಕೆ ಮತ್ತು ಧೂಳನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಎಕ್ಸ್‌ಚೇಂಜನ್ನು ದೇಶದಲ್ಲೇ ಮಾಡಬಹುದು ಎಂಬುದು ಸಾಬೀತಾಯಿತು. ಎಕ್ಸ್‌ಚೇಂಜಿನಿಂದ ಆಚೆ, ಹತ್ತಿಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಗೆ ತಂತಿ ಎಳೆಯುವ ಖರ್ಚು ಮಾತ್ರ ಹಾಗೆಯೇ ಉಳಿಯಿತು. ಅದಕ್ಕೆ ದೂರಸಂಪರ್ಕ ಇಲಾಖೆ ಹಿಡಿದ ದಾರಿ ಮಾರ್, ಅಂದರೆ ಮಲ್ಟಿ ಆಕ್ಸೆಸ್ ರೇಡಿಯೋ ರಿಲೇ. ಎರಡು ರೇಡಿಯೋ ಚಾನೆಲ್‌ಗಳನ್ನು ಹದಿನೈದು ಹಳ್ಳಿಗಳ ಸಾರ್ವಜನಿಕ ಫೋನುಗಳಿಗೆ ಹಂಚುವ ಏರ್ಪಾಟು ಅದರ ಹೆಚ್ಚು ಬಳಕೆಯ ರೂಪ. ಯಾರು ಮೊದಲು ಫೋನೆತ್ತುತ್ತಾರೋ ಅವರಿಗೆ ಖಾಲಿ ಚಾನೆಲ್. ಎರಡೂ ತುಂಬಿದ್ದರೆ ಉಳಿದ ಹದಿಮೂರು ಹಳ್ಳಿ ಕಾಯಬೇಕು.

ಈ ಏರ್ಪಾಟಿನಲ್ಲಿ ಎಷ್ಟು ಮಾತು ಹಿಡಿಸುತ್ತದೆ ಎಂದು ಲೆಕ್ಕ ಹಾಕಲು ಕೋಪನ್‌ಹೇಗನ್ನಿನ ಎ.ಕೆ. ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ ಸಾಕು. ನೂರರಲ್ಲಿ ಎರಡಕ್ಕಿಂತ ಹೆಚ್ಚು ಕರೆ ತಪ್ಪಬಾರದು ಎಂದಿಟ್ಟುಕೊಂಡರೆ ಎರಡು ಚಾನೆಲ್‌ಗಳು ಹೊರಬಲ್ಲ ಒಟ್ಟು ಹೊರೆ 0.22 ಎರ್ಲಾಂಗ್, ಅಂದರೆ ಗಂಟೆಗೆ ಸುಮಾರು 13 ನಿಮಿಷದ ಮಾತು. ಹದಿನೈದು ಹಳ್ಳಿಗೆ ಹಂಚಿದರೆ ಒಂದು ಹಳ್ಳಿಗೆ ಗಂಟೆಗೆ ಒಂದು ನಿಮಿಷವೂ ಇಲ್ಲ. ಅದೇ ಏಳು ಚಾನೆಲ್‌ಗಳ ಗುಂಪಿದ್ದರೆ ಹೊರೆ 2.9 ಎರ್ಲಾಂಗ್‌ಗೆ ಏರುತ್ತದೆ: ಚಾನೆಲ್ ಮೂರೂವರೆ ಪಟ್ಟು, ಮಾತು ಹದಿಮೂರು ಪಟ್ಟು. ವಿಧಾನಗಳ ನಡುವಿನ ಜಗಳದಲ್ಲಿ ಬಹಳ ಸಲ ಮರೆತುಹೋಗುವ ಸಂಗತಿ ಇದು. ಹಂಚುವ ಬಗೆ ಯಾವುದೇ ಇರಲಿ, ಹಂಚುವ ರಾಶಿ ಚಿಕ್ಕದಾಗಿದ್ದರೆ ಎಲ್ಲ ವಿಧಾನವೂ ಕೆಟ್ಟದಾಗಿಯೇ ಕಾಣುತ್ತದೆ. ಬ್ಯಾಟರಿ, ಬಿಡಿಭಾಗ, ನಿರ್ವಹಣೆಗಳ ತೊಂದರೆಯಿಂದ ಮಾರ್ ಫೋನುಗಳು ದೇಶದ ಉದ್ದಗಲಕ್ಕೂ ಕೆಟ್ಟು ನಿಂತವು. ಮುಂದೆ ಸಾರ್ವತ್ರಿಕ ಸೇವಾ ನಿಧಿಯ ಹಣದಲ್ಲಿ 1.8 ಲಕ್ಷಕ್ಕೂ ಹೆಚ್ಚು ಹಳ್ಳಿಗಳ ಮಾರ್ ಫೋನುಗಳನ್ನು ಬೇರೆ ತಂತ್ರಜ್ಞಾನಕ್ಕೆ ಬದಲಿಸಬೇಕಾಯಿತು. ಆ ಸೋಲನ್ನು ಎಫ್‌ಡಿಎಂಎ ತತ್ವದ ಸೋಲು ಎಂದು ಓದುವುದು ತಪ್ಪು.

ಸರದಿಯ ಪಂಥ

ಧ್ವನಿಯನ್ನು ಅಂಕಿಗಳಾಗಿ ಬದಲಿಸಲು ಸಾಧ್ಯವಾದ ಮೇಲೆ ಸರದಿಯ ವಿಧಾನಕ್ಕೆ ಬಲ ಬಂತು. 1991ರಲ್ಲಿ ಫಿನ್ಲೆಂಡಿನಲ್ಲಿ ಕಾರ್ಯಾರಂಭ ಮಾಡಿದ ಜಿಎಸ್‌ಎಂ 200 ಕಿಲೋಹರ್ಟ್ಸ್ ಪಟ್ಟಿಯನ್ನು ಎಂಟು ಸರದಿಗಳಾಗಿ ಒಡೆಯುತ್ತದೆ. ಒಂದು ಸರದಿ 577 ಮೈಕ್ರೋಸೆಕೆಂಡ್, 4.6 ಮಿಲಿಸೆಕೆಂಡಿಗೊಮ್ಮೆ ಮತ್ತೆ ಅದೇ ಫೋನಿನ ಪಾಳಿ. ಭಾರತದಲ್ಲಿ 1995ರ ಜುಲೈ 31ರಂದು ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ ಮೊದಲ ಮೊಬೈಲ್ ಕರೆ ಹೋದದ್ದು ಹೀಗೆ ತುಂಡುತುಂಡಾಗಿಯೇ. ಕರ್ನಾಟಕ ವೃತ್ತದಲ್ಲಿ ಜೆಟಿಎಂ ಮತ್ತು ಸ್ಪೈಸ್ ಕಂಪನಿಗಳು ಇದೇ ವಿಧಾನದಿಂದ ಸೇವೆ ಆರಂಭಿಸಿದವು. ಜೆಟಿಎಂ ಮುಂದೆ ಏರ್‌ಟೆಲ್ ಆಯಿತು.

ಸರದಿ ತಪ್ಪದಿರಬೇಕಾದರೆ ದೂರದ ಫೋನು ತನ್ನ ಮಾತನ್ನು ಸ್ವಲ್ಪ ಮುಂಚೆಯೇ ಕಳಿಸಬೇಕು, ಇಲ್ಲದಿದ್ದರೆ ಅದು ಮುಂದಿನವರ ಪಾಳಿಯ ಮೇಲೆ ಬೀಳುತ್ತದೆ. ಟವರ್ ಪ್ರತಿ ಫೋನಿಗೂ ಎಷ್ಟು ಮುಂಚೆ ಎಂದು ಹೇಳುತ್ತದೆ. ಈ ತಿದ್ದುಪಡಿ 63 ಹೆಜ್ಜೆಗಳಿಗೆ ಸೀಮಿತ, ಒಂದು ಹೆಜ್ಜೆ ಸುಮಾರು 550 ಮೀಟರಿಗೆ ಸಮ. ಹಾಗಾಗಿ ಸಿಗ್ನಲ್ ಎಷ್ಟೇ ಜೋರಾಗಿದ್ದರೂ ಸಾಮಾನ್ಯ ಜಿಎಸ್‌ಎಂ ಟವರ್‌ನ ವ್ಯಾಪ್ತಿ 35 ಕಿಲೋಮೀಟರ್ ದಾಟುವುದಿಲ್ಲ. ಗುಡ್ಡಗಳ ನಾಡಿನಲ್ಲಿ ಈ ಮಿತಿ ಮುಟ್ಟುವ ಮೊದಲೇ ಸಿಗ್ನಲ್ ಸತ್ತಿರುತ್ತದೆ, ನಿಜ. ಹೆಚ್ಚು ಮುಖ್ಯವಾದದ್ದು ಶಕ್ತಿಯ ಲೆಕ್ಕ. 900 ಮೆಗಾಹರ್ಟ್ಸ್‌ನ ಜಿಎಸ್‌ಎಂ ಫೋನು ತನ್ನ ಪಾಳಿಯಲ್ಲಿ 2 ವ್ಯಾಟ್‌ವರೆಗೆ ಕೂಗಬಲ್ಲದು, ಆದರೆ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ, ಸರಾಸರಿ 0.25 ವ್ಯಾಟ್. ಸಿಡಿಎಂಎ ಫೋನು ನಿರಂತರವಾಗಿ 0.2 ವ್ಯಾಟ್ ಕಳಿಸುತ್ತದೆ. ದೂರ ತಲುಪುವುದನ್ನು ನಿರ್ಧರಿಸುವುದು ಪ್ರತಿ ಬಿಟ್ಟಿಗೆ ಸಿಗುವ ಒಟ್ಟು ಶಕ್ತಿ. ಆ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸರಿಸಮ. ಒಂದು ವಿಧಾನ ಹುಟ್ಟುತ್ತಲೇ ದೂರಗಾಮಿ, ಇನ್ನೊಂದು ಹತ್ತಿರದ್ದು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಸರದಿಯ ಪಂಥದೊಳಗೇ ಒಂದು ಭಾರತೀಯ ಕವಲು ಇದೆ. ಐಐಟಿ ಮದ್ರಾಸಿನಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ 1990ರ ದಶಕದಲ್ಲಿ ರೂಪಿಸಿದ ಕಾರ್‌ಡೆಕ್ಟ್, ಯುರೋಪಿನ ಡೆಕ್ಟ್ ಮಾನದಂಡವನ್ನು ಹಳ್ಳಿಯ ಫೋನಿಗೆ ಒಗ್ಗಿಸಿತು. ಅದರಲ್ಲಿ ಹತ್ತು ಪಟ್ಟಿಗಳು, ಪ್ರತಿಯೊಂದರಲ್ಲಿ ಹನ್ನೆರಡು ಜೋಡಿ ಸರದಿ. ಯಾವುದನ್ನು ಬಳಸಬೇಕು ಎಂಬುದನ್ನು ಕೇಂದ್ರ ಹೇಳುವುದಿಲ್ಲ. ಪ್ರತಿ ಉಪಕರಣವೂ ಸುತ್ತ ಆಲಿಸಿ, ಗದ್ದಲ ಕಡಿಮೆ ಇರುವ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಯಾವ ಟವರ್‌ಗೆ ಯಾವ ಕಂಪನಾಂಕ ಎಂದು ಮೊದಲೇ ಯೋಜಿಸುವ ಪರಿಣತರು ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದಿಲ್ಲ ಎಂಬ ವಾಸ್ತವಕ್ಕೆ ಇದು ವಿನ್ಯಾಸದಲ್ಲೇ ಕೊಟ್ಟ ಉತ್ತರ. ಕಾರ್‌ಡೆಕ್ಟ್ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಆದರೆ ಹಂಚಿಕೆಯ ನಿರ್ಧಾರ ಯಾರದು, ಕೇಂದ್ರದ್ದೋ ಅಂಚಿನದ್ದೋ ಎಂದು ಅದು ಎತ್ತಿದ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಸಂಕೇತದ ಪಂಥ ಮತ್ತು ನಾಲ್ಕು ತಾಲ್ಲೂಕುಗಳ ಗೋಡೆ

ಸಿಡಿಎಂಎ ಬಂದದ್ದು ದೊಡ್ಡ ಮಾತುಗಳೊಂದಿಗೆ. ಅಮೆರಿಕದ ಉದ್ಯಮ 1989ರಲ್ಲಿ ಟಿಡಿಎಂಎಯನ್ನು ಆರಿಸಿಕೊಂಡಿದ್ದರೂ, ಅದೇ ವರ್ಷದ ಕೊನೆಯಲ್ಲಿ ಕ್ವಾಲ್‌ಕಾಮ್ ಸ್ಯಾನ್ ಡಿಯಾಗೊದಲ್ಲಿ ತನ್ನ ವಿಧಾನದ ಪ್ರದರ್ಶನ ಮಾಡಿತು. ಪ್ರತಿ ಫೋನಿನ ಧ್ವನಿಯನ್ನು ಅದರದೇ ಸಂಕೇತದಿಂದ 1.25 ಮೆಗಾಹರ್ಟ್ಸ್ ಅಗಲಕ್ಕೆ ಹರಡುವುದು. ಎಲ್ಲ ಸೆಲ್‌ಗಳಲ್ಲೂ ಅದೇ ಪಟ್ಟಿ ಬಳಸುವುದು. ಮಾತಿನ ನಡುವಿನ ಮೌನದಲ್ಲಿ ಶಕ್ತಿ ತಗ್ಗಿಸಿ ಇತರರಿಗೆ ಜಾಗ ಬಿಡುವುದು. 1991ರಲ್ಲಿ ಗಿಲ್‌ಹೌಸನ್, ವಿಟರ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ, ಇದರ ಸಾಮರ್ಥ್ಯ ಹಳೆಯ ಅನಲಾಗ್ ವ್ಯವಸ್ಥೆಗಿಂತ ಸುಮಾರು 20 ಪಟ್ಟು, ಡಿಜಿಟಲ್ ಟಿಡಿಎಂಎಗಿಂತ 4ರಿಂದ 6 ಪಟ್ಟು ಎಂದಿತು. ಆ ಲೆಕ್ಕ ನಿಂತಿದ್ದು ಒಂದು ಷರತ್ತಿನ ಮೇಲೆ: ಎಲ್ಲ ಫೋನುಗಳೂ ಟವರ್‌ಗೆ ಸಮಾನ ಬಲದಲ್ಲಿ ಕೇಳಿಸಬೇಕು. ಹತ್ತಿರದ ಒಂದೇ ಫೋನು ಜೋರಾಗಿ ಕೂಗಿದರೂ ದೂರದವೆಲ್ಲ ಮುಳುಗಿಹೋಗುತ್ತವೆ. ಅದನ್ನು ತಡೆಯಲು ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ ಏರಿಸು, ಇಳಿಸು ಎಂದು ಅಪ್ಪಣೆ ಕೊಡುತ್ತದೆ. ಗುಡ್ಡಗಾಡಿನಲ್ಲಿ ಈ ಪಂಥಕ್ಕೆ ಒಂದು ನಿಜವಾದ ಅನುಕೂಲವೂ ಇತ್ತು. ಬೆಟ್ಟದ ಮೈಗೆ ಬಡಿದು ತಡವಾಗಿ ಬರುವ ಪ್ರತಿಧ್ವನಿಗಳನ್ನು ಇದರ ಗ್ರಾಹಕಯಂತ್ರ ಬೇರೆಬೇರೆಯಾಗಿ ಗುರುತಿಸಿ ಒಟ್ಟುಗೂಡಿಸಬಲ್ಲದು.

ಅಂಚಿನ ಹಳ್ಳಿಯ ದೃಷ್ಟಿಯಿಂದ ಇದರ ದೊಡ್ಡ ದೋಷ ಬೇರೆಡೆ ಇದೆ. ಬಳಕೆದಾರರು ಹೆಚ್ಚಿದಂತೆ ಒಟ್ಟು ಗದ್ದಲ ಏರುತ್ತದೆ. ಗದ್ದಲದ ಮೇಲೆ ಕೇಳಿಸಲು ದೂರದ ಫೋನಿನ ಬಳಿ ಮಿಕ್ಕ ಶಕ್ತಿ ಇರುವುದಿಲ್ಲ. ಸೆಲ್ಲಿನ ವ್ಯಾಪ್ತಿಯೇ ಕುಗ್ಗುತ್ತದೆ. ಹೆದ್ದಾರಿಯಲ್ಲಿ ದಟ್ಟಣೆ ಹೆಚ್ಚಿದ ಹೊತ್ತಿಗೆ ಕಡಿದುಹೋಗುವುದು ಗುಡ್ಡದ ಮರೆಯ ಕರೆ. ಜಿಎಸ್‌ಎಂನಲ್ಲಿ ತುಂಬಿದ ಜಾಲ ಹೊಸಬರನ್ನು, ಅವರು ಎಲ್ಲೇ ಇರಲಿ, ಒಳಗೆ ಬಿಡುವುದಿಲ್ಲ. ಸಿಡಿಎಂಎಯಲ್ಲಿ ಹೊರಗೆ ಬೀಳುವವರು ಅಂಚಿನವರೇ. ಒಟ್ಟು ಸಾಮರ್ಥ್ಯದ ಕೋಷ್ಟಕದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಭಾರತದಲ್ಲಿ ಈ ತಾಂತ್ರಿಕ ವಾದ ನೇರವಾಗಿ ನೀತಿಯ ವಾದವಾಯಿತು. 2001ರ ಜನವರಿಯಲ್ಲಿ ಸರ್ಕಾರ ಸ್ಥಿರ ದೂರವಾಣಿ ಕಂಪನಿಗಳಿಗೆ ಸಿಡಿಎಂಎ ಮೂಲಕ ಸೀಮಿತ ಸಂಚಾರದ ಸೇವೆಗೆ ಅನುಮತಿ ಕೊಟ್ಟಿತು. ಸೀಮಿತ ಎಂದರೆ ಒಂದು ಅಲ್ಪದೂರ ಶುಲ್ಕ ವಲಯದೊಳಗೆ, ಅಂದರೆ ಹೆಚ್ಚುಕಡಿಮೆ ಒಂದು ತಾಲ್ಲೂಕಿನೊಳಗೆ. ಚಿತ್ರದುರ್ಗದ ಎಸ್‌ಟಿಡಿ ಕೋಡ್ 08194, ಹಿರಿಯೂರಿನದು 08193, ಹೊಳಲ್ಕೆರೆಯದು 08191, ಹೊಸದುರ್ಗದ್ದು 08199. ಆ ನಿಯಮದಂತೆ ಹಿರಿಯೂರಿನ ಫೋನು ಮಾರಿಕಣಿವೆ ದಾಟಿ ಹೊಸದುರ್ಗದ ಸೀಮೆಗೆ ಕಾಲಿಟ್ಟರೆ ನಿಲ್ಲಬೇಕು. ಸೆಲ್‌ನಿಂದ ಸೆಲ್‌ಗೆ ಕರೆ ಕಡಿಯದಂತೆ ದಾಟಿಸುವುದೇ ಯಾವ ತಂತ್ರಜ್ಞಾನದ ಹೆಗ್ಗಳಿಕೆಯೋ ಅದಕ್ಕೆ ತಾಲ್ಲೂಕಿನ ಗಡಿಯಲ್ಲಿ ಗೋಡೆ ಕಟ್ಟಲಾಯಿತು. ಜಿಎಸ್‌ಎಂ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2002ರ ಡಿಸೆಂಬರಿನಲ್ಲಿ ರಿಲಯನ್ಸ್ ತನ್ನ ಸಿಡಿಎಂಎ ಸೇವೆಗೆ ಚಾಲನೆ ಕೊಟ್ಟಿತು. ಮರುವರ್ಷ 501 ರೂಪಾಯಿಗೆ ಫೋನು ಕೈಗಿಟ್ಟ ಯೋಜನೆ ಬಂತು. 2003ರ ನವೆಂಬರಿನಲ್ಲಿ ಏಕೀಕೃತ ಪರವಾನಗಿ ಬಂದು ಗೋಡೆ ಬಿತ್ತು.

ಇನ್ನೊಂದು ತೀರ್ಮಾನ ಹೆಚ್ಚು ಕಾಲ ಉಳಿಯಿತು. ಜಿಎಸ್‌ಎಂ ಕಂಪನಿಗೆ ಆರಂಭದಲ್ಲಿ 4.4 ಮೆಗಾಹರ್ಟ್ಸ್ ಜೋಡಿ ತರಂಗಾಂತರ, ಸಿಡಿಎಂಎ ಕಂಪನಿಗೆ 2.5. ಒಂದು ವಿಧಾನ ಹೆಚ್ಚು ದಕ್ಷ, ಆದ್ದರಿಂದ ಅದಕ್ಕೆ ಕಡಿಮೆ ಸಾಕು ಎಂಬ ತರ್ಕ ಇದರ ಬೆನ್ನಿಗಿತ್ತು. ಈ ತರ್ಕ ಎರಡು ಕಡೆ ಜಾರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು, ಆದರ್ಶ ಸ್ಥಿತಿಯ ಲೆಕ್ಕವನ್ನು ಎಲ್ಲ ಊರಿಗೂ ಅನ್ವಯಿಸಿತು. ಎರಡು, ಎರ್ಲಾಂಗ್ ತೋರಿಸಿದಂತೆ ರಾಶಿ ಚಿಕ್ಕದಾದಷ್ಟೂ ದಕ್ಷತೆ ಕುಸಿಯುತ್ತದೆ ಎಂಬುದನ್ನು ಮರೆಯಿತು. ಡೇಟಾ ಬಂದಾಗ ಅಗಲ ಕಡಿಮೆಯಾದ ಪಟ್ಟಿಯೇ ಸಿಡಿಎಂಎ ಕಂಪನಿಗಳ ಕೊರಳಿಗೆ ಬಿತ್ತು. ಕೊನೆಗೆ ಭಾರತದಲ್ಲಿ ಸಿಡಿಎಂಎ ಸೋತದ್ದಕ್ಕೆ ತರಂಗಶಾಸ್ತ್ರಕ್ಕಿಂತ ಸಿಮ್ ಕಾರ್ಡು ಹೆಚ್ಚು ಕಾರಣ. ಜಿಎಸ್‌ಎಂ ಫೋನಿಗೆ ಯಾವ ಕಂಪನಿಯ ಸಿಮ್ಮನ್ನಾದರೂ ಹಾಕಬಹುದಿತ್ತು, ಇಲ್ಲಿನ ಸಿಡಿಎಂಎ ಫೋನು ಒಂದೇ ಕಂಪನಿಗೆ ಕಟ್ಟುಬಿದ್ದಿತ್ತು. 2009ರಲ್ಲಿ ರಿಲಯನ್ಸ್ ಜಿಎಸ್‌ಎಂ ಸೇವೆಯನ್ನು ವಿಸ್ತರಿಸಿತು, ಟಾಟಾ ಅದನ್ನು ಆರಂಭಿಸಿತು.

ಸಿಡಿಎಂಎ ದೂರ ತಲುಪುತ್ತಿತ್ತು ಎಂಬ ನಂಬಿಕೆಗೂ ಇಲ್ಲೇ ಉತ್ತರ ಹೇಳಬೇಕು. ಅದಕ್ಕೆ ಕೊಟ್ಟದ್ದು 800 ಮೆಗಾಹರ್ಟ್ಸ್ ಪಟ್ಟಿ. ತಡವಾಗಿ ಬಂದ ಜಿಎಸ್‌ಎಂ ಕಂಪನಿಗಳಿಗೆ ಸಿಕ್ಕದ್ದು 1800. ಕಂಪನಾಂಕ ಕಡಿಮೆಯಾದಷ್ಟೂ ತರಂಗ ದೂರ ಹೋಗುತ್ತದೆ, ಗುಡ್ಡದ ಅಂಚನ್ನು ಬಳಸಿ ಬಾಗುತ್ತದೆ. ಆ ಕೀರ್ತಿ ಬಹುಮಟ್ಟಿಗೆ ಪಟ್ಟಿಯದು, ವಿಧಾನದ್ದಲ್ಲ.

ಎಳೆಎಳೆಯಾಗಿ ಹಂಚುವುದು

ಇಂದು ನಮ್ಮ ಕೈಯಲ್ಲಿರುವ 4ಜಿ, 5ಜಿ ಫೋನುಗಳದು ಒಎಫ್‌ಡಿಎಂಎ ಪಂಥ. ಬೆಲ್ ಲ್ಯಾಬ್ಸಿನ ರಾಬರ್ಟ್ ಚಾಂಗ್ 1966ರಲ್ಲಿ ಮೂಲ ಕಲ್ಪನೆ ಕೊಟ್ಟರು: ಅಗಲದ ಪಟ್ಟಿಯನ್ನು ಬಹಳ ಕಿರಿದಾದ ಎಳೆಗಳಾಗಿ ಸೀಳಿ, ಎಳೆಗಳು ಒಂದರ ಮೇಲೊಂದು ಹಾಯ್ದರೂ ಗಣಿತದಲ್ಲಿ ಪರಸ್ಪರ ಸೋಕದಂತೆ ಜೋಡಿಸುವುದು. 1971ರಲ್ಲಿ ವೈನ್‌ಸ್ಟೈನ್ ಮತ್ತು ಈಬರ್ಟ್ ಇದನ್ನು ಫೂರಿಯರ್ ಪರಿವರ್ತನೆಯ ಲೆಕ್ಕದಿಂದ ಮಾಡಬಹುದೆಂದು ತೋರಿಸಿದರು. ಚಿಪ್ಪುಗಳು ಅಗ್ಗವಾಗುವವರೆಗೆ ಅದು ಕಾಯಬೇಕಾಯಿತು. 4ಜಿಯ ಮಾನದಂಡವಾದ ಎಲ್‌ಟಿಇಯಲ್ಲಿ ಎಳೆಗಳ ಅಂತರ 15 ಕಿಲೋಹರ್ಟ್ಸ್. ಯಾರಿಗೆ ಯಾವ ಎಳೆಗಳು ಎಂಬುದನ್ನು ಟವರ್ ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ನಿರ್ಧರಿಸುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಬಂದಾಗ ಅದರ ಬಳಿಯಿದ್ದ ಪಟ್ಟಿಗಳಲ್ಲಿ ಒಂದು 850 ಮೆಗಾಹರ್ಟ್ಸ್, ಅಂದರೆ ಹಿಂದೆ ಸಿಡಿಎಂಎ ಇದ್ದ ಜಾಗ. ಅದೇ ತರಂಗಾಂತರ, ಹೊಸ ಹಂಚಿಕೆ.

ಇಲ್ಲೂ ಅಂಚಿನ ಫೋನು ವಿನ್ಯಾಸವನ್ನು ಬಾಗಿಸಿತು. ಹಲವು ಎಳೆಗಳು ಒಟ್ಟಿಗೆ ಸೇರಿದಾಗ ಸಂಕೇತದಲ್ಲಿ ಎತ್ತರದ ಶಿಖರಗಳು ಏಳುತ್ತವೆ. ಅವು ಒಡೆಯದಂತೆ ಫೋನಿನ ಆಂಪ್ಲಿಫೈಯರ್ ಸರಾಸರಿ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ. ಆದ್ದರಿಂದ ಎಲ್‌ಟಿಇ, ಟವರ್‌ನಿಂದ ಫೋನಿಗೆ ಒಎಫ್‌ಡಿಎಂಎ ಇಟ್ಟುಕೊಂಡು, ಫೋನಿನಿಂದ ಟವರ್‌ಗೆ ಶಿಖರ ಕಡಿಮೆ ಇರುವ ಎಸ್‌ಸಿ-ಎಫ್‌ಡಿಎಂಎ ಎಂಬ ಬೇರೆ ರೂಪವನ್ನು ಆರಿಸಿತು. ಉಳಿಯುವುದು ಎರಡು ಮೂರು ಡೆಸಿಬೆಲ್. ಗುಡ್ಡಗಾಡಿನಲ್ಲಿ ದೂರಕ್ಕೆ ಸಿಗ್ನಲ್ ಕ್ಷೀಣಿಸುವ ಸಾಮಾನ್ಯ ದರ ಹಿಡಿದರೆ 3 ಡೆಸಿಬೆಲ್ ಎಂದರೆ ವ್ಯಾಪ್ತಿಯಲ್ಲಿ ಐದರಲ್ಲೊಂದು ಪಾಲು ಹೆಚ್ಚಳ, ವಿಸ್ತೀರ್ಣದಲ್ಲಿ ಸುಮಾರು ಅರ್ಧದಷ್ಟು. ಮೂರು ಟವರ್ ಬೇಕಾದಲ್ಲಿ ಎರಡು ಸಾಕು. ಪ್ರತಿ ಟವರ್‌ಗೂ ವಿದ್ಯುತ್, ಬ್ಯಾಟರಿ, ಫೈಬರ್ ಬೇಕಾದ ಕಡೆ ಇದು ಸಣ್ಣ ಉಳಿತಾಯವಲ್ಲ.

ಅಳತೆಯ ಕಥೆಗೆ ಭಾರತ ಸೇರಿಸಿದ ಮುಖ್ಯ ಅಧ್ಯಾಯವೂ ಇಲ್ಲಿದೆ. 5ಜಿ ತಂತ್ರಜ್ಞಾನಗಳನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಗೊತ್ತುಮಾಡಿದ ಗ್ರಾಮೀಣ ಮಾದರಿಯಲ್ಲಿ ಟವರ್‌ನಿಂದ ಟವರ್‌ಗೆ ಅಂತರ 1.7 ಕಿಲೋಮೀಟರ್ ಇತ್ತು. ನಮ್ಮ ಹಳ್ಳಿಗಳು ಹಾಗಿಲ್ಲ ಎಂದು ಭಾರತದ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ ಮತ್ತು ಐಐಟಿಗಳ ತಜ್ಞರು ವಾದಿಸಿ, 6 ಕಿಲೋಮೀಟರ್ ಅಂತರದ ಇನ್ನೊಂದು ಮಾದರಿಯನ್ನು ಸೇರಿಸುವಂತೆ ಮಾಡಿದರು. ಆ ಮಾದರಿಗೆ ಹೊಂದುವ, ಶಿಖರ ಇನ್ನೂ ಕಡಿಮೆ ಇರುವ ತರಂಗರೂಪವನ್ನು 5ಜಿಐ ಹೆಸರಿನಲ್ಲಿ ಮುಂದಿಟ್ಟರು. ಪ್ರತ್ಯೇಕ ಮಾನದಂಡವಾಗಿ ಅದು ಉಳಿಯದೆ ಜಾಗತಿಕ 5ಜಿಯೊಳಗೆ ಸೇರಿಹೋಯಿತು. ಆದರೂ ಈ ಪ್ರಸಂಗ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ. ಟವರ್‌ಗಳ ಅಂತರ ಎಂಬ ಒಂದು ಅಂಕಿ ಬದಲಾದರೆ ಯಾವ ತಂತ್ರ ಉತ್ತಮ ಎಂಬ ತೀರ್ಪೂ ಬದಲಾಗಬಹುದು.

ಕೇಳದೆ ಮಾತಾಡುವುದು

ಇದುವರೆಗಿನ ಪಂಥಗಳೆಲ್ಲ ಹಂಚುವವನೊಬ್ಬನಿದ್ದಾನೆ ಎಂದು ನಂಬುತ್ತವೆ. ಆದರೆ ನನಗೆ ಪಾಲು ಬೇಕು ಎಂದು ಫೋನು ಮೊದಲ ಸಲ ಹೇಳುವುದು ಹೇಗೆ? ಅದಕ್ಕೆ ಪಾಲು ಇನ್ನೂ ಸಿಕ್ಕಿರುವುದಿಲ್ಲ. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಕಟ್ಟಿದ ಅಲೋಹಾ ಜಾಲದ ಉತ್ತರ ಸರಳ: ಸುಮ್ಮನೆ ಕಳಿಸು, ಡಿಕ್ಕಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು. ಹೀಗೆ ಮಾಡಿದರೆ ಚಾನೆಲ್ಲಿನ ಶೇ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಗೊತ್ತಾದ ಕ್ಷಣಗಳಲ್ಲಷ್ಟೇ ಕಳಿಸಬೇಕೆಂದರೆ ಶೇ 37. ದಕ್ಷತೆ ಕಡಿಮೆ, ಆದರೂ ಜಿಎಸ್‌ಎಂನಿಂದ 5ಜಿಯವರೆಗೆ ಪ್ರತಿ ಫೋನು ಜಾಲದ ಬಾಗಿಲು ತಟ್ಟುವುದು ಈ ವಿಧಾನದ ಒಂದಲ್ಲ ಒಂದು ರೂಪದಿಂದಲೇ. ವೈ-ಫೈಯಲ್ಲಿ ಕೇಳಿಸಿಕೊಂಡು, ಖಾಲಿಯಿದ್ದರೆ ಕಳಿಸುವ ಸುಧಾರಿತ ರೂಪವಿದೆ.

ಎರಡು ಆಕ್ಷೇಪಗಳು

ಒಎಫ್‌ಡಿಎಂಎ ಗೆದ್ದಾಯಿತು, ಇನ್ನೇನು ವಾದ ಎಂದು ಕೇಳುವವರಿದ್ದಾರೆ. ಗೆದ್ದದ್ದು ನಿಜ, ಆದರೆ ಎಳೆಗಳಾಗಿ ಸೀಳುವುದೇ ಹಂಚಿಕೆಯ ಪರಮ ವಿಧಾನ ಎಂಬ ಕಾರಣಕ್ಕಲ್ಲ. ಅಗಲವಾದ ಪಟ್ಟಿಯಲ್ಲಿ ಪ್ರತಿಧ್ವನಿಯನ್ನು ಸುಲಭವಾಗಿ ನಿಭಾಯಿಸುತ್ತದೆ, ಹಲವು ಆಂಟೆನಾಗಳೊಂದಿಗೆ ಚೆನ್ನಾಗಿ ಹೊಂದುತ್ತದೆ, ಬಿಟ್ಟುಬಿಟ್ಟು ಬರುವ ಡೇಟಾಕ್ಕೆ ಕ್ಷಣಕ್ಷಣಕ್ಕೂ ಪಾಲು ಬದಲಿಸಬಹುದು. ಗೆದ್ದದ್ದು ಈ ಅನುಕೂಲಗಳಿಂದ. ಅದರೊಳಗೆ ಹಳೆಯ ಪಂಥಗಳೂ ಜೀವಂತವಾಗಿವೆ. ಒಂದೇ ಪಟ್ಟಿಯಲ್ಲಿ ಹೋಗುವ ಬರುವ ಸಂಕೇತಗಳನ್ನು ಹೊತ್ತಿನಿಂದ ಬೇರ್ಪಡಿಸುವುದು ಟಿಡಿಎಂಎಯ ತತ್ವ; ಬಾಗಿಲು ತಟ್ಟುವಾಗ ಫೋನುಗಳನ್ನು ಗುರುತಿಸುವ ಅಂಕಿಸರಣಿಗಳು ಸಿಡಿಎಂಎಯ ಸಂತತಿ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಹಳ್ಳಿಗೆ ಬೇಕಾದ್ದು ಇನ್ನೊಂದು ಟವರ್, ಕೆಳಗಿನ ಕಂಪನಾಂಕ, ಕೈಕೊಡದ ವಿದ್ಯುತ್. ಹಂಚಿಕೆಯ ಗಣಿತ ಅಲ್ಲಿ ಗೌಣ ಎಂಬುದು. ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. 2022ರಲ್ಲಿ ಕೇಂದ್ರ ಸರ್ಕಾರ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಟವರ್ ಇಲ್ಲದೆ ಯಾವ ಸೂತ್ರವೂ ಕೆಲಸ ಮಾಡದು ಎಂಬ ಅರಿವಿನಿಂದಲೇ. ಆದರೆ ಟವರ್ ಬಂದ ಮರುದಿನವೇ ಹಂಚಿಕೆಯ ಪ್ರಶ್ನೆ ಏಳುತ್ತದೆ, ಮತ್ತು ಸಿದ್ಧಾಂತದ ಅತ್ಯಂತ ಗಟ್ಟಿಯಾದ ಫಲಿತಾಂಶ ಅಂಚಿನವರ ಪರವಾಗಿದೆ.

ಒಂದು ಲೆಕ್ಕ ನೋಡೋಣ. ಹೆದ್ದಾರಿಯ ಫೋನು ಟವರ್‌ಗೆ ಗದ್ದಲದ 100 ಪಟ್ಟು ಬಲದಲ್ಲಿ, ಗುಡ್ಡದ ಮರೆಯದು ಗದ್ದಲದಷ್ಟೇ ಬಲದಲ್ಲಿ ಕೇಳಿಸುತ್ತದೆ ಎಂದುಕೊಳ್ಳಿ. ಪಟ್ಟಿಯನ್ನು ಸೀಳಿ ಹಂಚುವ ವಿಧಾನದಲ್ಲಿ ಒಟ್ಟು ಮೊತ್ತ ಗರಿಷ್ಠವಾಗಬೇಕಾದರೆ ದೂರದ ಫೋನಿಗೆ ಸಿಗುವುದು ಪಟ್ಟಿಯ ನೂರರಲ್ಲೊಂದು ಪಾಲು. ಅದರ ವೇಗ ಪ್ರತಿ ಹರ್ಟ್ಸಿಗೆ 0.07 ಬಿಟ್. ಸಮಪಾಲು ಕೊಟ್ಟರೆ ದೂರದ್ದಕ್ಕೆ 0.79, ಹತ್ತಿರದ್ದಕ್ಕೆ 3.8. ಎರಡೂ ಇಡೀ ಪಟ್ಟಿಯಲ್ಲಿ ಒಟ್ಟಿಗೆ ಮಾತಾಡಿ, ಟವರ್ ಮೊದಲು ಜೋರಿನದನ್ನು ಓದಿ, ಅದನ್ನು ಕಳೆದು, ಉಳಿದದ್ದರಲ್ಲಿ ಮೆಲ್ಲನೆಯದನ್ನು ಓದಿದರೆ ದೂರದ್ದಕ್ಕೆ 1, ಹತ್ತಿರದ್ದಕ್ಕೆ 5.7. ಇಬ್ಬರಿಗೂ ಲಾಭ. ಆಲ್ಸ್‌ವೀಡೆ, ಲಿಯಾವೊ, ಕವರ್ ಮೊದಲಾದವರು 1971–72ರ ಹೊತ್ತಿಗೇ ತೋರಿಸಿದ್ದರ ಸಾರ ಇದು. 2013ರ ಸುಮಾರಿಗೆ ಜಪಾನಿನ ಡೊಕೊಮೊ ಸಂಶೋಧಕರು ನೋಮಾ ಎಂಬ ಹೆಸರಿನಲ್ಲಿ ಇದನ್ನು ಮೊಬೈಲಿಗೆ ತರಲು ಮುಂದಾದರು. ತೊಡಕು ಕಳೆಯುವುದರಲ್ಲಿದೆ. ಜೋರಿನ ಸಂಕೇತವನ್ನು ಶೇ 99ರಷ್ಟು ನಿಖರವಾಗಿ ಕಳೆದರೂ ಉಳಿಯುವ ಶೇ 1, ಮೆಲ್ಲನೆಯ ಸಂಕೇತದಷ್ಟೇ ಬಲವಾಗಿರುತ್ತದೆ. 5ಜಿ ಮಾನದಂಡ ರೂಪಿಸುವವರು 2018ರವರೆಗೆ ಇದನ್ನು ಅಭ್ಯಸಿಸಿ, ಹಲವು ಆಂಟೆನಾಗಳ ವ್ಯವಸ್ಥೆಗಿಂತ ಲಾಭ ಸಾಕಷ್ಟು ಕಾಣದೆ ಕೈಬಿಟ್ಟರು.

ಇತ್ಯರ್ಥವಾಗದೆ ಉಳಿದವು

ಆ ತೀರ್ಮಾನ ಆಂಟೆನಾಗಳು ದಟ್ಟವಾಗಿರುವ ನಗರಕ್ಕೆ ಸರಿಯಿರಬಹುದು. ಕೆಲವೇ ಆಂಟೆನಾ ಇರುವ, ಹತ್ತಿರ ದೂರಗಳ ಅಂತರ ವಿಪರೀತವಾಗಿರುವ ಗುಡ್ಡಗಾಡಿನ ಟವರ್‌ನಲ್ಲೂ ಸರಿಯೇ ಎಂಬುದು ತೀರ್ಮಾನವಾಗಿಲ್ಲ. ಹೊರೆ ಬೀಳುವುದು ಫೋನಿನ ಮೇಲಲ್ಲ, ಟವರ್‌ನ ಲೆಕ್ಕಯಂತ್ರದ ಮೇಲೆ. ಅದು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ. 6ಜಿ ಮಾನದಂಡದಲ್ಲಿ ಬೆರಕೆಯ ವಿಧಾನ ಮರಳಿ ಬರುತ್ತದೆಯೇ ಎಂಬ ಚರ್ಚೆ ತೆರೆದೇ ಇದೆ.

ಎರಡನೆಯದು ಯಂತ್ರಗಳದು. ತೋಟದ ತೇವಮಾಪಕ, ಬೋರ್‌ವೆಲ್ಲಿನ ಮೀಟರ್, ಹೊಸದುರ್ಗದ ಗುಡ್ಡಗಳ ಗಾಳಿಯಂತ್ರದ ಸಂವೇದಕ ಇಂಥವು ದಿನಕ್ಕೆ ಕೆಲವೇ ಸಲ, ಕೆಲವೇ ಅಕ್ಷರ ಕಳಿಸುತ್ತವೆ. ಪಾಲು ಕೇಳಿ ಪಡೆಯುವ ಮಾತುಕತೆಯೇ ಸಂದೇಶಕ್ಕಿಂತ ಉದ್ದವಾಗುತ್ತದೆ. ಲಕ್ಷಾಂತರ ಉಪಕರಣಗಳು ಹೆಸರನ್ನೂ ಹೇಳದೆ ಒಟ್ಟಿಗೆ ಕಳಿಸಿದರೆ ಎಷ್ಟನ್ನು ಬಿಡಿಸಿ ಓದಬಹುದು ಎಂಬ ಪ್ರಶ್ನೆಗೆ ಯೂರಿ ಪೊಲ್ಯಾನ್ಸ್ಕಿ 2017ರಲ್ಲಿ ಹೊಸ ಗಣಿತದ ಚೌಕಟ್ಟು ಕೊಟ್ಟರು. ಅದು ಹೇಳುವ ಮಿತಿಗೂ ಇಂದಿನ ಉಪಕರಣಗಳ ಸಾಧನೆಗೂ ನಡುವೆ ದೊಡ್ಡ ಕಂದಕವಿದೆ.

ಮೂರನೆಯದು ಆಕಾಶದಿಂದ ಬರುತ್ತಿದೆ. ಕೆಳಕಕ್ಷೆಯ ಉಪಗ್ರಹಕ್ಕೆ ಗುಡ್ಡದ ಮರೆ ಅಷ್ಟಾಗಿ ಅಡ್ಡಿಯಲ್ಲ. ಆದರೆ ಅದರ ಒಂದು ಕಿರಣ ಅನೇಕ ತಾಲ್ಲೂಕುಗಳನ್ನು ಒಟ್ಟಿಗೆ ಆವರಿಸುತ್ತದೆ, ಮತ್ತು ಅಷ್ಟೂ ಜನ ಒಂದೇ ರಾಶಿಯನ್ನು ಹಂಚಿಕೊಳ್ಳಬೇಕು. 2023ರ ದೂರಸಂಪರ್ಕ ಕಾಯ್ದೆ ಉಪಗ್ರಹ ತರಂಗಾಂತರವನ್ನು ಹರಾಜಿಲ್ಲದೆ ಆಡಳಿತಾತ್ಮಕವಾಗಿ ಕೊಡಲು ಅವಕಾಶ ಮಾಡಿದೆ. ನೆಲದ ಟವರ್ ಮತ್ತು ಮೇಲಿನ ಉಪಗ್ರಹ ಒಂದೇ ಪಟ್ಟಿಯನ್ನು ಬಳಸಬಹುದೇ, ಬಳಸಿದರೆ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ತಂತ್ರಜ್ಞರಲ್ಲೂ ನೀತಿಕಾರರಲ್ಲೂ ಜಗಳದ ವಿಷಯ.

ಕೊನೆಯದು ಅಳತೆಯ ಪ್ರಶ್ನೆ. ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದೂ ಅದೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಗುಣಮಟ್ಟ ನಿಯಮಗಳಲ್ಲಿ ಕಂಪನಿಗಳು ತಮ್ಮ ಸೇವಾವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕೆಂದು ಹೇಳಿದೆ. ನಕ್ಷೆಯಲ್ಲಿ ಒಂದು ಊರಿಗೆ ಬಣ್ಣ ಬಿದ್ದಿದ್ದರೆ ಅಲ್ಲಿಗೆ ಸಿಗ್ನಲ್ ಇದೆ ಎಂದಷ್ಟೇ ಅರ್ಥ. ಹೆದ್ದಾರಿ ತುಂಬಿದ ಸಂಜೆ ಏಳು ಗಂಟೆಗೆ ಆ ಊರಿನ ಫೋನು ಎಷ್ಟು ಪಾಲು ಪಡೆಯಿತು ಎಂಬುದು ಅದರಲ್ಲಿಲ್ಲ. ಪ್ರತಿ ಮಿಲಿಸೆಕೆಂಡಿನ ಹಂಚಿಕೆಯನ್ನು ನಿರ್ಧರಿಸುವ ಸೂತ್ರವನ್ನು ಕಂಪನಿಗಳು ಪ್ರಕಟಿಸುವುದಿಲ್ಲ, ಮಾನದಂಡವೂ ಅದನ್ನು ತಯಾರಕರಿಗೆ ಬಿಟ್ಟಿದೆ. ಸಾರ್ವಜನಿಕ ಸ್ವತ್ತಾದ ತರಂಗಾಂತರವನ್ನು ಹಂಚುವ ಆ ಸೂತ್ರದಲ್ಲಿ ಅಂಚಿನ ಫೋನಿಗೆ ಕನಿಷ್ಠ ಪಾಲು ಇರಬೇಕೆಂದು ನಿಯಮ ಮಾಡಬಹುದೇ, ಮಾಡಿದರೆ ಅದನ್ನು ಹೊರಗಿನಿಂದ ಅಳೆಯುವುದು ಹೇಗೆ ಎಂಬುದಕ್ಕೆ ಇನ್ನೂ ಒಪ್ಪಿತವಾದ ಉತ್ತರವಿಲ್ಲ.